ಸೊಂಟಪಟ್ಟಿಯ ಉಪಕರಣಗಳೂ ಕಲಿಸುವವರ ಕಲಿಕೆಯೂ

(ಮೋರ್ಲಿಯಲ್ಲಿ ಸೇರಿದ್ದ ನಮ್ಮ ಕೂಟದ ಸಭೆಯಲ್ಲಿ ಮಾಡಿದ ಅತಿಥಿ ಉಪನ್ಯಾಸದ ಪಾಠ. ಬ್ರಿಸ್ಬೇನ್ ಮತ್ತು ಅಡಿಲೇಡಿನ ಓದುಗರಿಗಾಗಿ ಅಲ್ಲಿನ ದೂರವಾಣಿ ಸಂಖ್ಯೆಗಳನ್ನು ಸೇರಿಸಲಾಗಿದೆ.)



ಕನ್ನಡ ಕೂಟದ ವೇದಿಕೆಗೆ ವೈದ್ಯರನ್ನು ಕರೆದರೆ ಅವರು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಈ ಮೂರರಲ್ಲಿ ಒಂದನ್ನು ಕುರಿತು ಮಾತನಾಡಬೇಕೆಂಬುದು ಅಲಿಖಿತ ನಿಯಮ. ಕಾರ್ಯದರ್ಶಿಗಳು ನಮ್ಮಿಂದ ಅದನ್ನೇ ನಿರೀಕ್ಷಿಸಿದ್ದರು. ಪೊಲೀಸರು ಸೊಂಟಕ್ಕೆ ಕಟ್ಟಿಕೊಳ್ಳುವ ಉಪಕರಣಗಳನ್ನು ಕುರಿತು, ಅದರಲ್ಲೂ ಅವುಗಳ ಬಳಕೆಯನ್ನು ಕಲಿಸುವವರಿಗೆ ಕೊಡುವ ತರಬೇತಿಯನ್ನು ಕುರಿತು ಮಾತನಾಡುತ್ತೇವೆ ಎಂದಾಗ ಅವರು ಒಂದು ನಿಮಿಷ ಸುಮ್ಮನಿದ್ದು, "ಡಾಕ್ಟರೇ, ಏನಾದರೂ ಕೇಸು ಆಗಿದೆಯೇ?" ಎಂದು ಮೆಲ್ಲಗೆ ಕೇಳಿದರು. ಕೇಸು ಏನೂ ಇಲ್ಲ. ಆದರೆ ನಮ್ಮ ಜನರ ಮನಸ್ಸಿನಲ್ಲಿ ಪೊಲೀಸು ಎಂದ ಕೂಡಲೇ ಕೇಸು ಎಂಬ ಶಬ್ದ ತಾನಾಗಿ ಬರುತ್ತದೆಯಷ್ಟೆ. ಆ ಮನಸ್ಸನ್ನು ಕುರಿತೇ ಕಡೆಯಲ್ಲಿ ಎರಡು ಮಾತು ಆಡಬೇಕೆಂದಿದ್ದೇವೆ.

ನಾವು ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಈ ದೇಶಕ್ಕೆ ಬಂದು, ರೆಸಿಡೆಂಟ್ ವೈದ್ಯರಾಗಿ ರಾತ್ರಿಪಾಳಿಗಳನ್ನು ಕಳೆದು, ಈಗ ಬಹುಕಾಲದಿಂದ ತುರ್ತು ಚಿಕಿತ್ಸಾ ವಿಭಾಗದಲ್ಲಿಯೇ ಇದ್ದೇವೆ. ತುರ್ತು ವಿಭಾಗದ ವೈದ್ಯರಿಗೂ ಪೊಲೀಸರಿಗೂ ಗಿರಾಕಿಗಳು ಬಹುಮಟ್ಟಿಗೆ ಒಂದೇ. ಶನಿವಾರ ರಾತ್ರಿ ಕುಡಿದು ಬಿದ್ದವನನ್ನು, ಬುದ್ಧಿಭ್ರಮಣೆಯಾಗಿ ರಸ್ತೆಯ ನಡುವೆ ನಿಂತವನನ್ನು ಮೊದಲು ಅವರು ನೋಡುತ್ತಾರೆ, ಅರ್ಧ ಗಂಟೆಯ ಮೇಲೆ ನಾವು ನೋಡುತ್ತೇವೆ. ಹೀಗಾಗಿ ಕೆಲವು ವರ್ಷಗಳ ಹಿಂದೆ, ರಕ್ಷಣಾ ಉಪಕರಣಗಳ ಬೋಧಕರಾಗಲಿರುವ ಅಧಿಕಾರಿಗಳ ತಂಡವೊಂದಕ್ಕೆ ಅರ್ಧ ದಿನ ವೈದ್ಯಕೀಯ ಪಾಠ ಹೇಳುವ ಅವಕಾಶ ನಮಗೆ ದೊರಕಿತು. ಹೇಳಲು ಹೋದದ್ದು ನಿಜ, ಆದರೆ ಹಿಂತಿರುಗುವಾಗ ನಾವೇ ಹೆಚ್ಚು ಕಲಿತಿದ್ದೆವು.

ಈ ಸಭಾಂಗಣದಿಂದ ಕಾರಿನಲ್ಲಿ ಹತ್ತು ನಿಮಿಷ ಹೋದರೆ ಮೇಲ್ಯಾಂಡ್ಸ್ ಬರುತ್ತದೆ. ಸ್ವಾನ್ ನದಿ ಬಳಸಿ ಹರಿಯುವ ಆ ಭೂಶಿರದಲ್ಲಿ ಮೊದಲು ವಿಮಾನ ನಿಲ್ದಾಣವಿತ್ತು. ತರುವಾಯ ಅಲ್ಲಿಯೇ ರಾಜ್ಯದ ಪೊಲೀಸ್ ಅಕಾಡೆಮಿ ಬಹುಕಾಲ ನಡೆಯಿತು. 2002ರಲ್ಲಿ ಅಕಾಡೆಮಿ ಜೂಂಡಲಪ್ಪಿಗೆ ಸ್ಥಳಾಂತರಗೊಂಡಿತು. ಹೊಸದಾಗಿ ಸೇರಿದವರಿಗೆ ಅಲ್ಲಿ ಸುಮಾರು 28 ವಾರಗಳ ಶಿಕ್ಷಣ. ನಮ್ಮ ಹುಡುಗರಲ್ಲಿ ಯಾರಾದರೂ ಆ ಸಮವಸ್ತ್ರ ತೊಡಬೇಕೆಂದರೆ ತಂದೆತಾಯಿಗಳು ದಯವಿಟ್ಟು ಎದೆ ಬಡಿದುಕೊಳ್ಳಬಾರದು. ಎಲ್ಲರೂ ಸಾಫ್ಟ್‌ವೇರಿಗೇ ಹೋಗಬೇಕೆಂದಿಲ್ಲ.

ಸೊಂಟಪಟ್ಟಿಯಲ್ಲಿ ಏನೇನಿರುತ್ತದೆ? ಪಿಸ್ತೂಲಿನ ವಿಚಾರ ಬಿಡೋಣ. ಉಳಿದಂತೆ ಮಡಚಿ ಚಾಚಬಹುದಾದ ಬೇಟನ್, ಅಂದರೆ ನಮ್ಮ ಲಾಠಿಯ ಗಿಡ್ಡ ತಮ್ಮ; ಕೈಕೋಳ; ಮೆಣಸಿನ ದ್ರವದ ಡಬ್ಬಿ; ಮತ್ತು ಟೇಸರ್ ಎಂಬ ವಿದ್ಯುತ್ ಉಪಕರಣ. ಇವುಗಳನ್ನು ಒಟ್ಟಾಗಿ ಪ್ರಾಣಾಪಾಯ ಕಡಿಮೆ ಇರುವ ಉಪಕರಣಗಳೆನ್ನುತ್ತಾರೆ. ಮೊದಲು ಪ್ರಾಣಾಪಾಯ ಇಲ್ಲದ ಎಂದು ಹೇಳುವ ರೂಢಿಯಿತ್ತು. ಅನುಭವದಿಂದ "ಇಲ್ಲದ" ಎಂಬುದು ಹೋಗಿ "ಕಡಿಮೆ ಇರುವ" ಎಂಬುದು ಬಂತು. ಈ ಒಂದು ಶಬ್ದದ ಬದಲಾವಣೆಯ ಹಿಂದೆ ಎಷ್ಟೋ ಶವಪರೀಕ್ಷೆಗಳಿವೆ.

ಬೇಟನ್ನಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ತೊಡೆಯ, ಮೀನಖಂಡದ ದಪ್ಪ ಸ್ನಾಯುಗಳಿಗೆ ಬಿದ್ದ ಪೆಟ್ಟು ಕಾಲನ್ನು ಸ್ವಲ್ಪ ಹೊತ್ತು ಮರಗಟ್ಟಿಸಿ ಬಿಟ್ಟುಬಿಡುತ್ತದೆ; ತಲೆ, ಕುತ್ತಿಗೆ, ಬೆನ್ನುಹುರಿಗೆ ಬಿದ್ದ ಪೆಟ್ಟು ಬಿಟ್ಟುಬಿಡುವುದಿಲ್ಲ. ಕಲಿಸುವವರಿಗೆ ನಾವು ಚಿತ್ರಪಟದಲ್ಲಿ ತೋರಿಸಿದ್ದು ಇಷ್ಟೇ.

ಕೈಕೋಳದ ಕಥೆ ಇದಕ್ಕಿಂತ ಸೂಕ್ಷ್ಮ. ಒಂದು ಕಡೆಯಿಂದ ತಿರುಗಿ ಒಳಹೊಕ್ಕು ಹಲ್ಲು ಹಿಡಿದು ನಿಲ್ಲುವ ಇಂದಿನ ಕೈಕೋಳದ ವಿನ್ಯಾಸ 1912ರಷ್ಟು ಹಳೆಯದು. ಅದನ್ನು ತೊಡಿಸುವುದಕ್ಕೆ ಒಂದು ಸೆಕೆಂಡು ಸಾಕು. ಆದರೆ ತೊಡಿಸಿದ ಮೇಲೆ ಎರಡನೆಯ ಬೀಗ ಹಾಕಬೇಕು. ಹಾಕದಿದ್ದರೆ ಆ ವ್ಯಕ್ತಿ ಕಾರಿನಲ್ಲಿ ಹಿಂದಕ್ಕೆ ಒರಗಿದಂತೆಲ್ಲ ಕೋಳ ಒಂದೊಂದೇ ಹಲ್ಲು ಬಿಗಿಯುತ್ತ ಹೋಗುತ್ತದೆ. ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ಚರ್ಮದ ತೀರ ಕೆಳಗೆ ಒಂದು ನರ ಹಾದುಹೋಗುತ್ತದೆ. ಅದು ನಜ್ಜುಗುಜ್ಜಾದರೆ ಹೆಬ್ಬೆರಳ ಹಿಂಭಾಗ ತಿಂಗಳುಗಟ್ಟಲೆ ಜೋಮು ಹಿಡಿದಿರುತ್ತದೆ. ವಾರ್ಟನ್‌ಬರ್ಗ್ ಎಂಬ ನರವೈದ್ಯರು 1932ರಲ್ಲಿ ವರ್ಣಿಸಿದ ಈ ತೊಂದರೆ ಬಿಗಿಯಾದ ಕೈಗಡಿಯಾರದಿಂದಲೂ, ನಮ್ಮ ಹೆಂಗಸರ ಬಿಗಿ ಬಳೆಯಿಂದಲೂ ಬರಬಹುದು. ಬೋಧಕರಾಗುವವರಿಗೆ ಕಲಿಸುವುದೇನೆಂದರೆ, ಕೋಳ ಹಾಕುವುದು ಅರ್ಧ ಕೆಲಸ. ಬೆರಳ ತುದಿ ಒಳಗೆ ತೂರಿಸಿ ನೋಡಿ, ಎರಡನೆಯ ಬೀಗ ಹಾಕಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನೋಡುವುದು ಉಳಿದರ್ಧ. ವಿದ್ಯಾರ್ಥಿ ಮೊದಲರ್ಧವನ್ನು ಚುರುಕಾಗಿ ಮಾಡಿದಾಗ "ಭೇಷ್" ಎಂದುಬಿಡುವ ಬೋಧಕ ಉಳಿದರ್ಧವನ್ನು ಆ ಕ್ಷಣದಲ್ಲೇ ಅಳಿಸಿಹಾಕಿರುತ್ತಾನೆ.

ಇನ್ನು ಮೆಣಸಿನ ದ್ರವ. ಇಲ್ಲಿ ಕನ್ನಡಿಗರಾದ ನಮಗೆ ಸ್ವಲ್ಪ ಅಧಿಕಾರವಾಣಿ ಸಲ್ಲುತ್ತದೆ. ಒಣಮೆಣಸಿನಕಾಯಿಯಿಂದ ತೆಗೆದ ಎಣ್ಣೆಯಂಥ ಸಾರವೇ ಇದರ ಮೂಲ. ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿಯಿಂದಲೂ ಇಂಥ ಸಾರ ತೆಗೆಯುತ್ತಾರಾದರೂ ಅದು ಬಣ್ಣಕ್ಕಾಗಿ. ತುಟಿಬಣ್ಣದಂಥ ಸೌಂದರ್ಯ ಸಾಮಗ್ರಿಗಳಿಗೂ ಅದು ಹೋಗುತ್ತದೆ. 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಬ್ಯಾಡಗಿ ಕೆಂಪಿಗೆ ಹೆಸರಾದದ್ದೇ ಹೊರತು ಖಾರಕ್ಕಲ್ಲ. 1912ರಲ್ಲಿ ಸ್ಕೋವಿಲ್ ಎಂಬ ಔಷಧಶಾಸ್ತ್ರಜ್ಞರು ಖಾರವನ್ನು ಅಳೆಯಲು ಸಕ್ಕರೆ ನೀರಿನಲ್ಲಿ ಮೆಣಸಿನ ಸಾರವನ್ನು ಕರಗಿಸುತ್ತ, ನಾಲಿಗೆಗೆ ಖಾರ ತಿಳಿಯದಾಗುವವರೆಗೂ ತೆಳುಮಾಡುವ ವಿಧಾನ ಕಂಡುಹಿಡಿದರು. ಆ ಮಾಪನದಲ್ಲಿ ಬ್ಯಾಡಗಿ ಹತ್ತು ಸಾವಿರದ ಆಸುಪಾಸು. ಶುದ್ಧ ಕ್ಯಾಪ್ಸೈಸಿನ್ 1 ಕೋಟಿ 60 ಲಕ್ಷ. ಪೊಲೀಸರ ಡಬ್ಬಿಯ ದ್ರವ ಲಕ್ಷಗಳ ಲೆಕ್ಕದ್ದು.

ಅದು ಕಣ್ಣಿಗೆ ಬಿದ್ದಾಗ ನಿಜವಾಗಿ ಏನನ್ನೂ ಸುಡುವುದಿಲ್ಲ. ಬಿಸಿಯನ್ನು ಗ್ರಹಿಸುವ ನರತುದಿಯ ಬಾಗಿಲೊಂದನ್ನು ಮೋಸದಿಂದ ತೆರೆಯುತ್ತದೆ, ಮಿದುಳು ಬೆಂಕಿಯೆಂದು ನಂಬುತ್ತದೆ. ಡೇವಿಡ್ ಜೂಲಿಯಸ್ 1997ರಲ್ಲಿ ಆ ಬಾಗಿಲನ್ನು ಗುರುತಿಸಿದರು. 2021ರಲ್ಲಿ ಅವರಿಗೆ ನೊಬೆಲ್ ಬಂದ ಕೆಲಸಗಳಲ್ಲಿ ಇದು ಮುಖ್ಯ. ಕಣ್ಣು ತಾನಾಗಿ ಮುಚ್ಚುತ್ತದೆ, ಮೂಗು ಸುರಿಯುತ್ತದೆ, ಕೆಮ್ಮು ಬರುತ್ತದೆ. ಮುಕ್ಕಾಲು ಗಂಟೆಯೊಳಗೆ ಬಹುಪಾಲು ಇಳಿಯುತ್ತದೆ. ಆಸ್ತಮಾ ಇದ್ದವರಿಗೆ ಮಾತ್ರ ಇದು ಆಟವಲ್ಲ. ಅನೇಕ ಕಡೆ ತರಬೇತಿಯಲ್ಲಿ ಪೊಲೀಸರ ಮುಖಕ್ಕೂ ಇದನ್ನು ಒಮ್ಮೆ ಸಿಂಪಡಿಸುತ್ತಾರೆ. ಅದರ ಉರಿ ತಿಳಿದವನು ಸುಮ್ಮಸುಮ್ಮನೆ ಡಬ್ಬಿಗೆ ಕೈಹಾಕುವುದಿಲ್ಲವೆಂಬ ನಂಬಿಕೆ. ನಮ್ಮಂಥ ವೈದ್ಯರು ಅವರಿಗೆ ಹೇಳುವುದು ಮುಂದಿನ ಪಾಠ: ತೆರೆದ ಗಾಳಿ, ಧಾರಾಳವಾಗಿ ತಣ್ಣೀರು, ಕಣ್ಣು ಉಜ್ಜಬಾರದು, ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಬೇಕು. ಖಾರ ನೀರಿನಲ್ಲಿ ಕರಗದು, ಮಜ್ಜಿಗೆಯೇ ಮದ್ದು ಎಂಬುದು ನಾಲಿಗೆಯ ಮಟ್ಟಿಗೆ ನಮ್ಮ ಅಜ್ಜಿಯರು ಹೇಳಿದ ಸತ್ಯ. ಕಣ್ಣಿಗೆ ಮಾತ್ರ ಹಾಲು ಮಜ್ಜಿಗೆ ಹಾಕಬೇಡಿ. ನೀರಿಗಿಂತ ಅವು ಮೇಲೆಂದು ಸಿದ್ಧವಾಗಿಲ್ಲ, ಸೋಂಕಿನ ಭಯ ಬೇರೆ.

ಪ್ರಸಂಗವಶಾತ್ ಒಂದು ಎಚ್ಚರಿಕೆ. ಬೆಂಗಳೂರಿನ ಅಂಗಡಿಯಲ್ಲಿ ಕೊಂಡ ಪೆಪ್ಪರ್ ಸ್ಪ್ರೇಯನ್ನು ಮಗಳ ರಕ್ಷಣೆಗೆಂದು ಪೆಟ್ಟಿಗೆಯಲ್ಲಿಟ್ಟು ತರುವವರಿದ್ದಾರೆ. ಅನುಮತಿಯಿಲ್ಲದೆ ಅದನ್ನು ಈ ದೇಶದೊಳಗೆ ತರುವುದು ನಿಷಿದ್ಧ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಆತ್ಮರಕ್ಷಣೆಯ ತಕ್ಕ ಕಾರಣವಿದ್ದರೆ ಇಟ್ಟುಕೊಳ್ಳಲು ಅವಕಾಶವಿದೆ ಎಂದು ಕೇಳಿ ಬ್ರಿಸ್ಬೇನಿನ ನೆಂಟರ ಮನೆಗೆ ಕೈಚೀಲದಲ್ಲಿ ಒಯ್ದರೆ ಅಲ್ಲಿ ಅಪರಾಧ.

ಟೇಸರ್ ಎರಡು ಸಣ್ಣ ಮುಳ್ಳುಗಳನ್ನು ತಂತಿಯ ಸಮೇತ ಎಸೆಯುತ್ತದೆ. ಒಂದು ಸಲ ಗುಂಡಿ ಒತ್ತಿದರೆ ಸಾಮಾನ್ಯವಾಗಿ 5 ಸೆಕೆಂಡು ವಿದ್ಯುತ್ ಮಿಡಿತ. ಮೈಯ ಸ್ನಾಯುಗಳೆಲ್ಲ ಸೆಟೆದುಕೊಂಡು ಮನುಷ್ಯ ಕಡಿದ ಮರದಂತೆ ಬೀಳುತ್ತಾನೆ. ವೈದ್ಯರ ಚಿಂತೆ ಅನೇಕ ವೇಳೆ ವಿದ್ಯುತ್ತಿಗಿಂತ ಆ ಬೀಳುವಿಕೆಯದು. ಕೈ ಚಾಚಿ ತಡೆದುಕೊಳ್ಳಲಾಗದೆ ತಲೆ ನೆಲಕ್ಕೆ ಬಡಿಯುತ್ತದೆ. ಅದೇ ಉಪಕರಣವನ್ನು ಮೈಗೆ ನೇರವಾಗಿ ಒತ್ತಿ ಹಿಡಿಯಲೂಬಹುದು. ಆಗ ಸ್ನಾಯುಗಳ ಹಿಡಿತ ತಪ್ಪುವುದಿಲ್ಲ, ಬರೀ ನೋವು. ನೋವಿನಿಂದ ಮನುಷ್ಯ ಮಾತು ಕೇಳುತ್ತಾನೆಂಬುದು ಲೆಕ್ಕ. ಆದರೆ ನೋವಿಗೆ ಮೈ ತಾನಾಗಿ ಕೊಸರಾಡುತ್ತದೆ, ಕೊಸರಾಟವನ್ನು ಪ್ರತಿರೋಧವೆಂದು ಎಣಿಸಿ ಮತ್ತೆ ಒತ್ತುತ್ತಾರೆ. ಈ ಸುಳಿಯನ್ನು ಬೋಧಕನಾದವನು ಮೊದಲು ತಾನು ಅರ್ಥಮಾಡಿಕೊಳ್ಳಬೇಕು.

ಈ ರಾಜ್ಯದ ಪೊಲೀಸರಿಗೆ ಟೇಸರ್ ವ್ಯಾಪಕವಾಗಿ ಬಂದದ್ದು 2007ರಲ್ಲಿ. ಮರುವರ್ಷ, 2008ರ ಆಗಸ್ಟ್ 31ರಂದು, ಈಸ್ಟ್ ಪರ್ತಿನ ಬಂಧನಗೃಹದಲ್ಲಿ ಮೂಲನಿವಾಸಿ ವ್ಯಕ್ತಿಯೊಬ್ಬರು ಬಟ್ಟೆ ಬಿಚ್ಚಿ ಶೋಧಿಸಿಕೊಳ್ಳಲು ಒಪ್ಪದೆ ಬೆಂಚನ್ನು ಹಿಡಿದು ಕುಳಿತಿದ್ದರು. ಕೈಯಲ್ಲಿ ಆಯುಧವಿರಲಿಲ್ಲ. ಸುತ್ತ 9 ಮಂದಿ ಅಧಿಕಾರಿಗಳು. ಅವರ ಮೇಲೆ ಟೇಸರನ್ನು 13 ಬಾರಿ ಪ್ರಯೋಗಿಸಲಾಯಿತು. ರಾಜ್ಯದ ಭ್ರಷ್ಟಾಚಾರ ಮತ್ತು ಅಪರಾಧ ಆಯೋಗವು 2010ರ ಅಕ್ಟೋಬರಿನಲ್ಲಿ ವರದಿಯೊಂದಿಗೆ ಆ ದೃಶ್ಯವನ್ನೂ ಬಿಡುಗಡೆ ಮಾಡಿದಾಗ ಜಗತ್ತೇ ನೋಡಿತು. ಮುಂದೆ ಇಬ್ಬರು ಅಧಿಕಾರಿಗಳಿಗೆ ಹಲ್ಲೆಯ ಅಪರಾಧಕ್ಕಾಗಿ ಶಿಕ್ಷೆಯಾಯಿತು, ಟೇಸರ್ ಬಳಸುವ ನಿಯಮವೂ ಬಿಗಿಯಾಯಿತು. ಆಯೋಗದ ವರದಿಯ ಮುಖ್ಯ ಆಕ್ಷೇಪ ನಮ್ಮ ವಿಷಯಕ್ಕೆ ಹತ್ತಿರದ್ದು: ಪಿಸ್ತೂಲಿಗೆ ಬದಲಾಗಿ ಪ್ರಾಣ ಉಳಿಸಲೆಂದು ಬಂದ ಉಪಕರಣ ಮೆಲ್ಲಮೆಲ್ಲನೆ "ಹೇಳಿದ ಮಾತು ಕೇಳಿಸುವ" ಉಪಕರಣವಾಗುತ್ತಿದೆ, ಅದರ ಏಟು ಮೂಲನಿವಾಸಿಗಳ ಮೇಲೆ ಹೆಚ್ಚು ಬೀಳುತ್ತಿದೆ.

ಇಷ್ಟನ್ನು ಓದಿ ನಮ್ಮವರಲ್ಲಿ ಕೆಲವರು, ಅದು ಅವರ ಸಮಸ್ಯೆ, ನಮಗೇನು ಎನ್ನುವುದನ್ನು ಕೇಳಿದ್ದೇವೆ. 2012ರ ಮಾರ್ಚಿನಲ್ಲಿ ಸಿಡ್ನಿಯಲ್ಲಿ ಸತ್ತವನು ಓದಲು ಬಂದಿದ್ದ 21 ವರ್ಷದ ಬ್ರೆಜಿಲ್ ಹುಡುಗ. ಅಮಲಿನ ಪದಾರ್ಥ ಸೇವಿಸಿ ಬುದ್ಧಿ ಕೆಟ್ಟು, ಅಂಗಡಿಯೊಂದರಿಂದ ಬಿಸ್ಕತ್ತಿನ ಪೊಟ್ಟಣ ಎತ್ತಿಕೊಂಡು ಓಡಿದ. ರೇಡಿಯೋ ಸಂದೇಶ ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ಅದು ಸಶಸ್ತ್ರ ದರೋಡೆಯಾಯಿತು. ಟೇಸರ್ 14 ಬಾರಿ, ಮೆಣಸಿನ ದ್ರವ, ಕೈಕೋಳ, ಮೇಲೆ ಹಲವರ ಭಾರ. ವಿಚಾರಣೆ ನಡೆಸಿದ ಕರೋನರ್ ಅಲ್ಲಿನ ಬಲಪ್ರಯೋಗವನ್ನು ಕಟುವಾಗಿ ಖಂಡಿಸಿದರು. ನಮ್ಮ ಮಕ್ಕಳೂ ಓದಲೆಂದೇ ಬಂದವರಲ್ಲವೇ? ಇನ್ನೊಂದು, 2023ರ ಮೇ ತಿಂಗಳು, ನ್ಯೂ ಸೌತ್ ವೇಲ್ಸಿನ ಕೂಮಾ. ವೃದ್ಧಾಶ್ರಮದಲ್ಲಿದ್ದ 95 ವರ್ಷದ ಮರೆಗುಳಿ ರೋಗದ ಅಜ್ಜಿ, ನಡೆಯುವ ಚೌಕಟ್ಟು ಹಿಡಿದೇ ಹೆಜ್ಜೆ ಇಡುವವರು, ಕೈಯಲ್ಲಿ ಊಟದ ಚಾಕು. ಟೇಸರ್ ತಗುಲಿ ಬಿದ್ದು ತಲೆಗೆ ಪೆಟ್ಟಾಗಿ ವಾರದೊಳಗೆ ತೀರಿಕೊಂಡರು. 2024ರ ನವೆಂಬರಿನಲ್ಲಿ ಜ್ಯೂರಿಯು ಆ ಅಧಿಕಾರಿಯನ್ನು ನರಹತ್ಯೆಯ ದೋಷಿಯೆಂದು ತೀರ್ಮಾನಿಸಿತು.

ಹಾಗಾದರೆ ಇವರಿಗೆಲ್ಲ ಯಾರೂ ಕಲಿಸಿರಲಿಲ್ಲವೇ? ಕಲಿಸಿದ್ದರು. ಅಲ್ಲಿಯೇ ಇದೆ ತೊಡಕು.

ವೈದ್ಯವೃತ್ತಿಯಲ್ಲೂ ಬಹುಕಾಲ "ಒಂದು ನೋಡು, ಒಂದು ಮಾಡು, ಒಂದು ಕಲಿಸು" ಎಂಬ ಪದ್ಧತಿಯಿತ್ತು. 1976ರ ಫೆಬ್ರವರಿಯಲ್ಲಿ ಸ್ಟೈನರ್ ಎಂಬ ಮೂಳೆ ಶಸ್ತ್ರವೈದ್ಯರು ಹಾರಿಸುತ್ತಿದ್ದ ಸಣ್ಣ ವಿಮಾನ ಅಮೆರಿಕದ ನೆಬ್ರಾಸ್ಕಾದ ಹೊಲದಲ್ಲಿ ಬಿತ್ತು. ಹೆಂಡತಿ ಸ್ಥಳದಲ್ಲೇ ಸತ್ತರು. ಗಾಯಗೊಂಡ ಮಕ್ಕಳನ್ನು ಹಳ್ಳಿಯ ಆಸ್ಪತ್ರೆಗೆ ಒಯ್ದಾಗ ಅಲ್ಲಿ ಯಾರಿಗೂ ಯಾವುದನ್ನು ಮೊದಲು ನೋಡಬೇಕೆಂದು ತಿಳಿಯದು. ಆ ದುಃಖದಿಂದ 1978ರಲ್ಲಿ ಒಂದು ತರಬೇತಿ ಹುಟ್ಟಿತು. 1988ರಲ್ಲಿ ಅದು ಆಸ್ಟ್ರೇಲಿಯಾಕ್ಕೂ ಬಂತು, ನಾವೂ ಅದರಲ್ಲಿ ಕಲಿತವರೇ. ಆ ತರಬೇತಿಯ ಜೀವಾಳವೆಂದರೆ ಕಲಿಸುವವರಿಗೆ ಪ್ರತ್ಯೇಕವಾಗಿ ಕಲಿಸುವುದು. ಒಳ್ಳೆಯ ಶಸ್ತ್ರವೈದ್ಯನೆಂದ ಮಾತ್ರಕ್ಕೆ ಒಳ್ಳೆಯ ಬೋಧಕನಲ್ಲ. ಅವನ ಕೈ ಅರಿಯುವುದನ್ನು ಅವನ ಬಾಯಿ ಅರಿಯದು. ಮೊದಲು ಮಾತಿಲ್ಲದೆ ಪೂರ್ತಿ ಮಾಡಿತೋರಿಸು, ಮತ್ತೆ ಬಿಡಿಬಿಡಿಯಾಗಿ ವಿವರಿಸುತ್ತ ಮಾಡು, ಆಮೇಲೆ ವಿದ್ಯಾರ್ಥಿ ಹೇಳಿದಂತೆ ನೀನು ಮಾಡು, ಕಡೆಗೆ ಅವನೇ ಹೇಳುತ್ತ ಅವನೇ ಮಾಡಲಿ. ಪೊಲೀಸ್ ಬೋಧಕರ ತರಗತಿಯಲ್ಲಿ ನಾವು ಇದನ್ನೇ ಕಂಡು ಬೆರಗಾದೆವು. ಹೊಡೆಯುವ ಅಭ್ಯಾಸ ನೋಡಬಹುದೆಂದುಕೊಂಡು ಹೋಗಿದ್ದೆವು. ಅವರು ಕಲಿಯುತ್ತಿದ್ದದ್ದು, ಹೊಡೆಯುವವನನ್ನು ಗಮನಿಸುವುದನ್ನು: ಅವನು ಉಸಿರು ಬಿಗಿಹಿಡಿದಿದ್ದಾನೆಯೇ, ಎದುರಿನವನು ಶರಣಾದ ಮೇಲೂ ಕೈ ನಿಲ್ಲಲಿಲ್ಲವೇ, ಹೊಡೆಯುವ ಮೊದಲು ಹಿಂದೆ ಸರಿಯಲು ಜಾಗವಿತ್ತೇ.

ವಿಕ್ಟೋರಿಯಾ ರಾಜ್ಯ ಇದನ್ನು ಬೆಲೆ ತೆತ್ತು ಕಲಿಯಿತು. ಪೊಲೀಸರ ಗುಂಡಿಗೆ ಸಾಲುಸಾಲಾಗಿ ಜನ ಸತ್ತ ಮೇಲೆ 1994ರಲ್ಲಿ ಅಲ್ಲಿ ಬೀಕನ್ ಎಂಬ ಯೋಜನೆ ಬಂತು. ರಸ್ತೆಗಿಳಿಯುವ ಪ್ರತಿಯೊಬ್ಬ ಪೊಲೀಸರಿಗೂ 5 ದಿನಗಳ ತರಬೇತಿ, ಅನಂತರ 6 ತಿಂಗಳಿಗೊಮ್ಮೆ ಪುನರಭ್ಯಾಸ. ಕಾರ್ಯಾಚರಣೆ ಸಫಲವಾಯಿತೇ ಎಂಬುದನ್ನು ಬಲಪ್ರಯೋಗ ಎಷ್ಟು ತಪ್ಪಿತು ಎಂಬುದರಿಂದ ಅಳೆಯಬೇಕೆಂಬುದು ಅದರ ತಿರುಳು. ಮುಂದಿನ ವರ್ಷಗಳಲ್ಲಿ ಗುಂಡಿನ ಸಾವುಗಳು ಇಳಿದವು. 6 ತಿಂಗಳ ಅವಧಿಯನ್ನು ನೋಡಿ ನಮಗೆ ನಗು ಬಂತು. ನಿಂತ ಹೃದಯವನ್ನು ಒತ್ತಿ ನಡೆಸುವ ಕಲೆಯೂ ಅಭ್ಯಾಸವಿಲ್ಲದಿದ್ದರೆ 3ರಿಂದ 6 ತಿಂಗಳಲ್ಲಿ ಮಾಸಿಹೋಗುತ್ತದೆಂದು ವೈದ್ಯರಿಗೆ ಗೊತ್ತು. ಕೈಯ ಮರೆವು ಎಲ್ಲ ವೃತ್ತಿಗಳಲ್ಲೂ ಒಂದೇ.

ಆದರೆ ತರಗತಿಯ ಬೋಧಕನಿಗಿಂತ ಬಲಶಾಲಿಯಾದ ಇನ್ನೊಬ್ಬ ಬೋಧಕನಿದ್ದಾನೆ: ಮೊದಲ ತಿಂಗಳುಗಳಲ್ಲಿ ಹೊಸಬನ ಪಕ್ಕದಲ್ಲಿ ಕಾರಿನಲ್ಲಿ ಕುಳಿತುಕೊಳ್ಳುವ ಹಿರಿಯ. 2021ರ ಏಪ್ರಿಲಿನಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ 26 ವರ್ಷ ಸೇವೆ ಸಲ್ಲಿಸಿದ ಅಧಿಕಾರಿಣಿಯೊಬ್ಬರು "ಟೇಸರ್, ಟೇಸರ್" ಎಂದು ಕೂಗುತ್ತಲೇ ಪಿಸ್ತೂಲು ಹಾರಿಸಿ 20 ವರ್ಷದ ಯುವಕನನ್ನು ಕೊಂದರು. ಆ ದಿನ ಅವರು ಹೊಸಬರೊಬ್ಬರಿಗೆ ಬೀದಿಯಲ್ಲಿ ಪಾಠ ಹೇಳುತ್ತಿದ್ದರು. ಅದಕ್ಕೆ 11 ತಿಂಗಳ ಹಿಂದೆ ಪಕ್ಕದ ಮಿನ್ನಿಯಾಪೊಲಿಸಿನಲ್ಲಿ ಜಾರ್ಜ್ ಫ್ಲಾಯ್ಡರ ಕುತ್ತಿಗೆಯ ಮೇಲೆ 9 ನಿಮಿಷಕ್ಕೂ ಮಿಕ್ಕಿ ಮಂಡಿಯೂರಿದವನೂ ಹೊಸಬರನ್ನು ತಿದ್ದುವ ಹೊಣೆ ಹೊತ್ತವನೇ. ಇಂಥ ಭಂಗಿಯನ್ನು ನಾವು ಕಲಿಸಿಲ್ಲವೆಂದು ಆ ನಗರದ ತರಬೇತಿ ಅಧಿಕಾರಿಗಳೇ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದರು. ಅಲ್ಲಿದ್ದ ಹೊಸಬರಲ್ಲೊಬ್ಬ, ಇವನನ್ನು ಮಗ್ಗುಲಿಗೆ ಹೊರಳಿಸೋಣವೇ ಎಂದು ಎರಡು ಬಾರಿ ಕೇಳಿದ. ಬೇಡವೆಂದರು. ಅವನು ಸುಮ್ಮನಾದ.

ಈ ಸಂಗತಿಯನ್ನು ಓದಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಕಾರಣ ಹೇಳುತ್ತೇವೆ. ರೆಸಿಡೆಂಟ್ ಆಗಿದ್ದ ಮೊದಲ ವರ್ಷ, ಒಂದು ಆಸ್ಪತ್ರೆಯಲ್ಲಿ, ಉದ್ರೇಕಗೊಂಡಿದ್ದ ದಢೂತಿ ಮನುಷ್ಯನೊಬ್ಬನನ್ನು ಕೈ ಹಿಂದಕ್ಕೆ ಕೋಳ ಹಾಕಿ ಬೋರಲಾಗಿ ಸ್ಟ್ರೆಚರಿನ ಮೇಲೆ ಒತ್ತಿ ಹಿಡಿದಿದ್ದರು. ಹಿಡಿದವರಲ್ಲಿ ನಮ್ಮ ಆಸ್ಪತ್ರೆಯವರೂ ಇದ್ದರು. ಅವನು ಉಸಿರು ಬರುತ್ತಿಲ್ಲವೆಂದು ಕೂಗುತ್ತಿದ್ದ. ಕೂಗುತ್ತಿದ್ದಾನಲ್ಲ, ಹಾಗಾದರೆ ಉಸಿರಾಡುತ್ತಿದ್ದಾನೆ ಎಂದು ಹಿರಿಯರೊಬ್ಬರು ಹೇಳಿದರು. ಅದು ತಪ್ಪೆಂದು ನಮಗೆ ಓದಿನಿಂದ ಗೊತ್ತಿತ್ತು. ಮಾತಿಗೆ ಬೇಕಾದ ಗಾಳಿ ಬೇರೆ, ಬದುಕಿಗೆ ಬೇಕಾದ ಗಾಳಿ ಬೇರೆ. 2021ರ ವಿಚಾರಣೆಯಲ್ಲಿ ಶ್ವಾಸಕೋಶ ತಜ್ಞ ಡಾ. ಮಾರ್ಟಿನ್ ಟೋಬಿನ್ ಅವರು ಜ್ಯೂರಿಗೆ ಬಿಡಿಸಿ ಹೇಳಿದ್ದು ಅದನ್ನೇ. ಹೊಟ್ಟೆ ಅದುಮಿ ಎದೆ ಒತ್ತಿದಾಗ ವಪೆ ಇಳಿಯಲಾರದು, ಕೊಸರಾಡುವ ದೇಹಕ್ಕೆ ಬೇಕಾದ ಆಮ್ಲಜನಕ ಮಾತ್ರ ಹೆಚ್ಚುತ್ತಲೇ ಇರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ನಾವು ಬಾಯಿ ತೆರೆಯಲಿಲ್ಲ. ಹೊಸ ದೇಶ, ಹೊಸ ಕೆಲಸ, ನಮ್ಮ ಇಂಗ್ಲಿಷಿನ ಮೇಲೆ ನಮಗೇ ಅಪನಂಬಿಕೆ, ವೀಸಾ ಬೇರೆ. ಕೂಗು ನಿಂತಿತು. ಹಿರಿಯ ದಾದಿಯೊಬ್ಬಳು "ಹೊರಳಿಸಿ ಅವನನ್ನು!" ಎಂದು ಗದರಿದಾಗ ತುಟಿ ನೀಲಿಗಟ್ಟಿತ್ತು. ಅವನು ಉಳಿದ. ಉಳಿಸಿದವರು ನಾವಲ್ಲ.

ಬೋಧಕರ ತರಗತಿಯಲ್ಲಿ ನಾವು ಹೇಳಿದ ಅರ್ಧ ದಿನದ ಪಾಠದಲ್ಲಿ ಇದೂ ಒಂದು. ಕೋಳ ಬಿದ್ದ ಕೂಡಲೇ ಮಗ್ಗುಲಿಗೆ ಹೊರಳಿಸಿ ಇಲ್ಲವೆ ಕುಳ್ಳಿರಿಸಿ. ಉಸಿರನ್ನು ನೋಡಲೆಂದೇ ಒಬ್ಬರನ್ನು ನೇಮಿಸಿ. ಆ ಒಬ್ಬರು ತಂಡದಲ್ಲಿ ಎಲ್ಲರಿಗಿಂತ ಕಿರಿಯರಾಗಿದ್ದರೂ ಅವರು ನಿಲ್ಲಿಸಿ ಎಂದರೆ ನಿಲ್ಲಿಸಬೇಕು. ಕಿರಿಯನು ಹಿರಿಯನಿಗೆ ನಿಲ್ಲಿಸೆನ್ನುವುದನ್ನು ನಾಟಕವಾಡಿಸಿ ಅಭ್ಯಾಸ ಮಾಡಿಸಿದರು. ಗಟ್ಟಿಮುಟ್ಟಾದ ಆಳುಗಳು ಆ ಒಂದು ಮಾತನ್ನಾಡಲು ತಡವರಿಸುತ್ತಿದ್ದುದನ್ನು ನೋಡಿದೆವು.

ನಮ್ಮ ನಾಡಿನ ಕಡೆಗೂ ಸ್ವಲ್ಪ ತಿರುಗೋಣ. ಕೈಕೋಳವನ್ನು ತಕ್ಕ ಕಾರಣವಿಲ್ಲದೆ ತೊಡಿಸುವುದು ಅಮಾನುಷವೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು 1980ರಲ್ಲೇ ಹೇಳಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ತೀರ್ಪು ಅದು. ಹಾಗಿದ್ದೂ ಬೆಳಗಾವಿ ಜಿಲ್ಲೆಯಲ್ಲಿ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಕೋಳ ತೊಡಿಸಿ ಬೀದಿಯಲ್ಲಿ ನಡೆಸಿದ್ದರು. 2022ರ ಜೂನಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು ಅವನಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು, ಪೊಲೀಸರಿಗೆ ಮೈಕ್ಯಾಮೆರಾ ಒದಗಿಸಬೇಕೆಂದೂ ಹೇಳಿತು. 42 ವರ್ಷಗಳ ಹಿಂದಿನ ತೀರ್ಪು ಪುಸ್ತಕದಿಂದ ಠಾಣೆಯವರೆಗೆ ನಡೆದುಬರಲು ಯಾರೋ ಕಲಿಸುವವರು ಬೇಕಿತ್ತು.

ಲಾಠಿಯ ವಿಷಯ ನಮಗೆ ಮನೆಯದೇ. 1980ರ ಜುಲೈ 21ರಂದು ನರಗುಂದದಲ್ಲಿ ಮಲಪ್ರಭಾ ನೀರಾವರಿಯ ಕರದ ವಿರುದ್ಧ ಸೇರಿದ್ದ ರೈತರ ಚಳವಳಿ ಗೋಲಿಬಾರಿನಲ್ಲಿ ಕೊನೆಗಂಡಾಗ ನಾವು ಹತ್ತು ವರ್ಷದ ಹುಡುಗ. ರೈತರೂ ಸತ್ತರು, ಪೊಲೀಸರೂ ಸತ್ತರು. ನಮ್ಮ ತಂದೆಯವರು ಅಲ್ಲಿ ಶಾಲಾ ಮಾಸ್ತರರು. ಆ ದಿನ ಮಕ್ಕಳನ್ನು ಒಳಗೆ ಕೂಡಿಸಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತವರು, ಮುಂದೆ ಬದುಕಿರುವವರೆಗೂ ಖಾಕಿ ಕಂಡರೆ ರಸ್ತೆಯ ಆ ಬದಿಗೆ ಸರಿದು ನಡೆಯುತ್ತಿದ್ದರು.

ಅವರು ಎಂಬತ್ತು ದಾಟಿದ ಮೇಲೆ ನಮ್ಮೊಡನೆ ಪರ್ತಿಗೆ ಬಂದರು. ಬಂದ ಎರಡು ವರ್ಷಕ್ಕೆ ಮರೆವು ಶುರುವಾಯಿತು. ವೈದ್ಯರಾದ ನಾವು ಅದನ್ನು ಕೂಡಲೇ ಗುರುತಿಸಿದೆವು. ಮಗನಾದ ನಾವು ಅದನ್ನು ಯಾರಿಗೂ ಹೇಳಲಿಲ್ಲ. ಈ ಕೂಟದ ಸಮಾರಂಭಗಳಿಗೆ ಕರೆತರುವುದನ್ನು ನಿಲ್ಲಿಸಿ, "ಅವರಿಗೆ ಚಳಿ ಆಗೋದಿಲ್ಲ" ಎಂದು ನಿಮಗೆಲ್ಲ ಸುಳ್ಳು ಹೇಳುತ್ತಿದ್ದೆವು. ನೆರೆಮನೆಯವರಿಗೂ ತಿಳಿಸಲಿಲ್ಲ. ನಾಚಿಕೆಯೆನ್ನದೆ ಬೇರೆ ಹೆಸರಿಲ್ಲ.

ಒಂದು ಚಳಿಗಾಲದ ರಾತ್ರಿ ನಾವು ಪಾಳಿಯಲ್ಲಿದ್ದಾಗ ಅವರು ಬಾಗಿಲು ತೆಗೆದುಕೊಂಡು ಹೊರಟುಬಿಟ್ಟರು. ಎರಡು ಬೀದಿಯಾಚೆ ಯಾರದೋ ಗ್ಯಾರೇಜಿನ ಬಾಗಿಲಿಗೆ ಬೆನ್ನು ಕೊಟ್ಟು, ಊರುಗೋಲನ್ನು ಎತ್ತಿ ಹಿಡಿದು ಕೂಗತೊಡಗಿದರು. ಆ ಮನೆಯವರು 000ಗೆ ಕರೆಮಾಡಿದರು: ಕೈಯಲ್ಲಿ ದೊಣ್ಣೆ, ತಿಳಿಯದ ಭಾಷೆ, ಹುಚ್ಚಾವೇಶ. ಬಂದವರು ಇಬ್ಬರು. ಒಬ್ಬಾತ ಡಬ್ಬಿಯ ಮೇಲೆ ಕೈಯಿಟ್ಟಿದ್ದನಂತೆ. ಅವನಿಗಿಂತ ವಯಸ್ಸಿನಲ್ಲಿ ಕಿರಿಯಳಾದ ಇನ್ನೊಬ್ಬಳು ಅವನನ್ನು ಹಿಂದೆ ಸರಿಯೆಂದಳು. ಟಾರ್ಚನ್ನು ಅವರ ಮುಖದಿಂದ ನೆಲಕ್ಕಿಳಿಸಿ, ಏಳೆಂಟು ಹೆಜ್ಜೆ ದೂರದಲ್ಲಿ ಖಾಲಿ ಕೈ ತೋರಿಸುತ್ತ ನಿಂತಳು. ನಿಂತದ್ದು 25 ನಿಮಿಷ. ಅಷ್ಟರಲ್ಲಿ ಗದ್ದಲ ಕೇಳಿ ಆ ಬೀದಿಯ ಇಟಲಿಯ ಅಜ್ಜಿಯೊಬ್ಬರು ಮಲಗುವ ಅಂಗಿಯಲ್ಲೇ ಹೊರಬಂದು, ಇವರು ದಿನಾ ಸಂಜೆ ನನ್ನ ನಿಂಬೆಗಿಡದ ಹತ್ತಿರ ನಿಲ್ಲುವ ಮುದುಕರಲ್ಲವೇ ಎಂದು ಗುರುತಿಸಿ, ಒಂದು ಕುರ್ಚಿ ತಂದಿಟ್ಟರು. ತಂದೆಯವರು ಕುಳಿತು ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡರು. ನಾವು ಬರುವ ಹೊತ್ತಿಗೆ ಚಹ ಕುಡಿಯುತ್ತಿದ್ದರು.

ಮರುದಿನ ನಾವು ಅಕ್ಕಪಕ್ಕದ ಹತ್ತು ಮನೆಗಳ ಬಾಗಿಲು ತಟ್ಟಿ ರೋಗದ ಹೆಸರು ಹೇಳಿದೆವು. ಅವರ ಅಂಗಿಯ ಜೇಬಿನಲ್ಲಿ ಹೆಸರು, ಭಾಷೆ, ನಮ್ಮ ದೂರವಾಣಿ ಬರೆದ ಚೀಟಿ ಹೊಲಿದೆವು. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಅದನ್ನು ಈ ವಾರವೇ ಮಾಡಿ. ಮಗನಿಗೋ ಮಗಳಿಗೋ ಮನಸ್ಸು ಕೆಟ್ಟು ಕರೆಮಾಡಬೇಕಾದರೆ ಮೊದಲ ವಾಕ್ಯದಲ್ಲೇ ರೋಗವಿದೆಯೆಂದು, ಕೈಯಲ್ಲಿ ಏನಿದೆ ಏನಿಲ್ಲವೆಂದು, ಯಾವ ಭಾಷೆ ತಿಳಿಯುತ್ತದೆಂದು ಹೇಳಿ. ಸಿಡ್ನಿಯ ಬಿಸ್ಕತ್ತು ದರೋಡೆಯಾದದ್ದು ಮಾತಿನಲ್ಲಿ ಎಂಬುದು ನೆನಪಿರಲಿ. ಪ್ರಾಣಾಪಾಯವಿಲ್ಲದ ಮಾನಸಿಕ ತುರ್ತಿಗೆ ಪರ್ತಿನಲ್ಲಿ 1300 555 788, ಕ್ವೀನ್ಸ್‌ಲ್ಯಾಂಡಿನಲ್ಲಿ 1300 642 255, ದಕ್ಷಿಣ ಆಸ್ಟ್ರೇಲಿಯಾದಲ್ಲಿ 13 14 65. ಈ ರಾಜ್ಯದಲ್ಲಿ 2016ರಿಂದ ಪೊಲೀಸರೊಡನೆ ಮಾನಸಿಕ ಆರೋಗ್ಯ ಸಿಬ್ಬಂದಿಯೂ ಜತೆಗೂಡಿ ಬರುವ ವ್ಯವಸ್ಥೆ ಶುರುವಾಯಿತು; ಕರೆಮಾಡುವಾಗ ಅದನ್ನು ಕೇಳಲು ಸಂಕೋಚಪಡಬೇಡಿ.

ಆ ಹುಡುಗಿ ಎರಡು ದಿನ ಬಿಟ್ಟು ನಮ್ಮ ಮನೆಗೆ ಬಂದು ವಿಚಾರಿಸಿದಳು. ಅವರು ಅಷ್ಟು ಹೊತ್ತು ಏನೆಂದು ಕೂಗುತ್ತಿದ್ದರು ಎಂದು ಕೇಳಿದಳು. "ಹೊಡಿಬ್ಯಾಡ್ರೀ, ಒಳಗ ಹುಡುಗರದಾವ" ಎಂದು ಕೂಗುತ್ತಿದ್ದರೆಂದು ಹೇಳಿ, ಅದರ ಅರ್ಥವನ್ನೂ ನರಗುಂದವನ್ನೂ ವಿವರಿಸಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ನಿಮ್ಮ ಭಾಷೆಯಲ್ಲಿ ದಯವಿಟ್ಟು ಕುಳಿತುಕೊಳ್ಳಿ ಎನ್ನುವುದಕ್ಕೆ ಏನೆನ್ನುತ್ತಾರೆ ಎಂದಳು. ಪುಸ್ತಕದ ಕನ್ನಡ ಹೇಳಿಕೊಡಬೇಕೋ ಮನೆಯದೋ ಎಂದು ಒಂದು ಕ್ಷಣ ಯೋಚಿಸಿ, ತಂದೆಯವರ ಕನ್ನಡವನ್ನೇ ಹೇಳಿಕೊಟ್ಟೆವು. ಒಳಗಿನ ಕೋಣೆಯ ಬಾಗಿಲಲ್ಲಿ ನಿಂತಿದ್ದ ಅವರಿಗೆ ಆಕೆ "ಕುಂದರ್ರಿ" ಎಂದಳು. ಅವರು ಅವಳ ಉಚ್ಚಾರವನ್ನು ಎರಡು ಸಲ ತಿದ್ದಿ, ಆಮೇಲೆ ಕುಳಿತರು.